ಪಡಸಾಲೆಯ ತಾಲೀಮು ಮತ್ತು ಸಮುದ್ರದಾಚೆಯ ನಾಟಕವಿದ್ಯೆ

ಹುಣಸೂರು ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪಿನ ಹರಾಜು ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ, ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬತ್ತದ ಒಕ್ಕಣೆ ತೀರಿ ಕಣ ಬರಿದಾದ ಮೇಲೆ, ದೀಪ ಹತ್ತಿಸುವ ಹೊತ್ತಿಗೆ ಯಾವುದಾದರೊಂದು ಮನೆಯ ಪಡಸಾಲೆಯಿಂದ ಹಾರ್ಮೋನಿಯಮ್ಮಿನ ಶ್ರುತಿಯೂ ಅದನ್ನು ಅರಸಿಕೊಂಡು ಹೋಗುವ ಒರಟು ಗಂಡುದನಿಯೊಂದೂ ಕೇಳಿಬರುವುದುಂಟು. ಅದು ‘ಕುರುಕ್ಷೇತ್ರ’ ನಾಟಕದ ತಾಲೀಮು. ನಾನು ಕಂಡ ಅಂಥದೊಂದು ಪಡಸಾಲೆಯಲ್ಲಿ ದುರ್ಯೋಧನನ ಪಾರ್ಟು ಹಿಡಿದಿದ್ದ ತರುಣನು ಹಗಲೆಲ್ಲ ನೇಗಿಲು ಹೂಡಿ ಬಂದವನು. ಪಾರ್ಟಿಗೆಂದು ತನ್ನ ಪಾಲಿನ ಹಣವನ್ನೂ ತೆತ್ತವನು. ಎದುರಿಗೆ ಕುಳಿತ ಡ್ರಾಮಾ ಮೇಷ್ಟ್ರು ವೃತ್ತದ ಒಂದು ಪಾದವನ್ನು ತಾವು ಹೇಳಿ, ಅವನಿಂದ ಹೇಳಿಸಿ, ಅವನು ಉಸಿರು ತಪ್ಪಿ ಒಡೆದ ಪದವನ್ನು ಹಾರ್ಮೋನಿಯಮ್ಮಿನ ಪಕ್ಕೆಗೆ ಉಂಗುರದ ಬೆರಳಿನಿಂದ ಟಕ್ಕೆಂದು ತಟ್ಟಿ ತಡೆದು, ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದರು. ಪದ್ಯದ ಅರ್ಥವನ್ನು ಅವರು ಒಮ್ಮೆಯೂ ಹೇಳಲಿಲ್ಲ. ಹನ್ನೊಂದನೆಯ ಸಲ ಹೇಳಿದಾಗ ತರುಣನ ಎದೆ ತಾನಾಗಿ ಮುಂದಕ್ಕೆ ಬಂದು, ಬಲಗಾಲು ಒಂದು ಹೆಜ್ಜೆ ಹಿಂದೆ ಸರಿದು, ಅರ್ಥವು ಅವನ ಶರೀರದಲ್ಲಿ ನಿಂತಿತು.

ಈ ಪಡಸಾಲೆಗೂ ಲಂಡನ್, ಲೀಡ್ಸ್, ಚಿಕಾಗೊ ಮೊದಲಾದ ದೂರದ ವಿದ್ಯಾಪೀಠಗಳಿಗೂ ಸಂಬಂಧವೇನಾದರೂ ಉಂಟೆ ಎಂಬುದೇ ಪ್ರಸ್ತುತ ಲೇಖನದ ಜಿಜ್ಞಾಸೆ. ಕನ್ನಡಿಗರು ವಿದೇಶಗಳಲ್ಲಿ ನಾಟಕವನ್ನು ಕಲಿತುಬಂದ ಚರಿತ್ರೆಯನ್ನು ಪರಿಶೀಲಿಸಿದಷ್ಟೂ ನನಗೆ ದೃಢವಾಗಿರುವ ಸಂಗತಿಯೆಂದರೆ, ಅವರಲ್ಲಿ ಬಹುಮಂದಿ ನಾಟಕವನ್ನು ಕಲಿಯಲೆಂದು ಹಡಗು ಹತ್ತಿದವರಲ್ಲ. ಭೂಗರ್ಭಶಾಸ್ತ್ರ, ಭಾಷಾಶಾಸ್ತ್ರ, ಅರ್ಥಶಾಸ್ತ್ರಗಳ ನೆಪದಲ್ಲಿ ಹೋಗಿ, ಪದವಿಪತ್ರದಲ್ಲಿ ನಮೂದಾಗದ ವಿದ್ಯೆಯೊಂದನ್ನು ಹೊತ್ತು ತಂದವರು.

ಇದಕ್ಕೆ ಮುಖ್ಯ ಕಾರಣ, ವಿಶ್ವವಿದ್ಯಾನಿಲಯದ ಪಾಠ್ಯವಿಷಯವಾಗಿ ನಾಟಕಪ್ರಯೋಗವು ಪಾಶ್ಚಾತ್ಯರಲ್ಲಿಯೂ ತೀರ ಈಚಿನದಾಗಿರುವುದು. ಸೊಫೋಕ್ಲಿಸನನ್ನೂ ಷೇಕ್ಸ್‌ಪಿಯರನನ್ನೂ ಕಾವ್ಯವೆಂದು ಓದಿಸುತ್ತಿದ್ದ ಪಂಡಿತರು, ನಟನ ಕೈಕಾಲುಗಳನ್ನೂ ರಂಗದ ದೀಪವನ್ನೂ ವಿದ್ಯೆಯೆಂದು ಒಪ್ಪಲು ಬಹುಕಾಲ ಹಿಂಜರಿದರು. ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗೀ ಸಂಸ್ಥೆಯಲ್ಲಿ ನಾಟಕವು ಪದವಿಯ ವಿಷಯವಾದುದು 1914ರಲ್ಲಿ. ಹಾರ್ವರ್ಡಿನಲ್ಲಿ ನಾಟಕರಚನೆಯನ್ನು ಕಲಿಸಿ ಯೂಜಿನ್ ಓನೀಲನಂಥವನಿಗೆ ಗುರುವಾಗಿದ್ದ ಜಾರ್ಜ್ ಪಿಯರ್ಸ್ ಬೇಕರ್ ಯೇಲಿಗೆ ಹೋಗಿ ಅಲ್ಲಿನ ವಿಭಾಗವನ್ನು ಕಟ್ಟತೊಡಗಿದುದು 1925ರ ಸುಮಾರಿಗೆ. ಬರ್ಲಿನ್ನಿನಲ್ಲಿ ಮಾಕ್ಸ್ ಹೆರ್‌ಮನ್ ರಂಗಭೂಮಿಯ ಅಧ್ಯಯನಕ್ಕೆ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದುದು 1923ರಲ್ಲಿ. ಬ್ರಿಟನ್ನಿನಲ್ಲಿ ಪ್ರಥಮ ನಾಟಕವಿಭಾಗವು ಬ್ರಿಸ್ಟಲ್ಲಿನಲ್ಲಿ ತೆರೆದದ್ದಂತೂ ಎರಡನೆಯ ಮಹಾಯುದ್ಧ ಮುಗಿದ ಬಳಿಕ. ಆದುದರಿಂದ ಅದಕ್ಕೆ ಪೂರ್ವದಲ್ಲಿ ಇಂಗ್ಲೆಂಡಿಗೆ ಹೋದ ಕನ್ನಡಿಗನು ಬಯಸಿದ್ದರೂ ನಾಟಕದ ಪದವಿಯನ್ನು ಅಲ್ಲಿನ ವಿಶ್ವವಿದ್ಯಾನಿಲಯದಿಂದ ಪಡೆಯುವಂತಿರಲಿಲ್ಲ.

ಹೊರಗಿನ ನಾಟಕವು ಮೈಸೂರು ಸೀಮೆಯನ್ನು ಮೊದಲು ಮುಟ್ಟಿದ್ದು ಪ್ರಯಾಣದಿಂದಲ್ಲ, ಕಿವಿಯಿಂದ. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕಸಭೆ ನಡೆಯುತ್ತಿದ್ದ ಕಾಲದಲ್ಲಿ, ಕಾಳಿದಾಸನ ‘ಶಾಕುಂತಲ’ವನ್ನು ಕನ್ನಡಿಸಿದ ಬಸವಪ್ಪ ಶಾಸ್ತ್ರಿಗಳು ‘ಒಥೆಲೊ’ವನ್ನೂ ‘ಶೂರಸೇನ ಚರಿತ್ರೆ’ಯಾಗಿ ರಚಿಸಿದರು, ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರು ಕಥೆಯನ್ನು ಬಿಡಿಸಿ ಹೇಳುತ್ತಿದ್ದರು, ಆ ಭಾಷೆಯನ್ನರಿಯದ ಶಾಸ್ತ್ರಿಗಳು ಕೇಳಿ ಪದ್ಯ ಕಟ್ಟುತ್ತಿದ್ದರು. ಮೇಷ್ಟ್ರ ಎದುರು ಕುಳಿತ ದುರ್ಯೋಧನನಿಗೂ ಸುಬ್ಬರಾಯರ ಎದುರು ಕುಳಿತ ಮಹಾಕವಿಗೂ ಕಲಿಕೆಯ ಕ್ರಮ ಒಂದೇ ಎಂಬುದನ್ನು ನೆನೆದಾಗ ನನಗೆ ಆನಂದವಾಗುತ್ತದೆ.

ಸಮುದ್ರ ದಾಟಿದವರ ಪೈಕಿ ಪ್ರಥಮಗಣ್ಯರು ಟಿ.ಪಿ. ಕೈಲಾಸಂ. ನ್ಯಾಯಾಧೀಶರ ಮಗನಾಗಿ, ಮದರಾಸಿನಲ್ಲಿ ಓದಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿನಲ್ಲಿ ಭೂಗರ್ಭಶಾಸ್ತ್ರವನ್ನು ವ್ಯಾಸಂಗ ಮಾಡಲು ಹೋದ ಅವರು, ಅಲ್ಲಿ ಕಳೆದ ಆರೇಳು ವರ್ಷಗಳ ಹಗಲುಗಳನ್ನು ಶಿಲೆಗಳಿಗೂ ಸಂಜೆಗಳನ್ನು ನಾಟಕಶಾಲೆಗಳಿಗೂ ಒಪ್ಪಿಸಿ, 1915ರಲ್ಲಿ ಹಿಂದಿರುಗಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯನ್ನು ಸೇರಿದರು. ಆ ಕಾಲದ ಲಂಡನ್ ಎಂಥದೆಂಬುದನ್ನು ಗಮನಿಸಬೇಕು. ನಟ ಹರ್ಬರ್ಟ್ ಬೀರ್ಬಾಮ್ ಟ್ರೀ 1904ರಲ್ಲಿ ತೆರೆದಿದ್ದ ನಟನಶಾಲೆ, ಮುಂದೆ ‘ರಾಡಾ’ ಎಂದು ಜಗತ್ಪ್ರಸಿದ್ಧವಾದುದು, ಆಗಿನ್ನೂ ಎಳೆಯದು. ಅದೇ ಟ್ರೀ 1914ರಲ್ಲಿ ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕದಲ್ಲಿ ಉಚ್ಚಾರಣಪಂಡಿತನ ಪಾತ್ರವನ್ನು ವಹಿಸಿ, ಬೀದಿಯ ಹೂ ಮಾರುವ ಹುಡುಗಿಯ ಆಡುಮಾತೇ ನಾಟಕದ ಜೀವವಾಗಬಹುದೆಂಬುದನ್ನು ಆ ನಗರಕ್ಕೆ ತೋರಿಸಿಕೊಟ್ಟನು. ಕೈಲಾಸಂ ಉಸಿರಾಡಿದ ಗಾಳಿ ಇದು. 1918ರಲ್ಲಿ ಅವರ ‘ಟೊಳ್ಳುಗಟ್ಟಿ’ ಹೊರಬಂದಾಗ ಕನ್ನಡ ರಂಗಭೂಮಿಯು ಕೇಳಿದ್ದು ರಾಜನ ಗದ್ಯವನ್ನಲ್ಲ, ಕಂದಪದ್ಯವನ್ನಲ್ಲ. ಅಡಿಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಬೀದಿಬಾಗಿಲಿಗೆ ಹರಿದಾಡುವ ಮನೆಮಾತನ್ನು, ಇಂಗ್ಲಿಷ್ ಓದಿದ ಗಂಡಸರು ಅದರೊಳಗೆ ಬೆರೆಸಿಕೊಂಡಿದ್ದ ಕಲಬೆರಕೆಯ ಸಮೇತವಾಗಿ. ‘ಹೋಂರೂಲು’, ‘ಬಂಡ್ವಾಳ್ವಿಲ್ಲದ್ ಬಡಾಯಿ’ ಮೊದಲಾದವು ಅದೇ ಕಿವಿಯ ಕೂಸುಗಳು. ನೆಲದ ಪದರಗಳನ್ನು ಓದುವುದರಲ್ಲಿ ಪಳಗಿದ ದೃಷ್ಟಿ ಮಾತಿನ ಪದರಗಳನ್ನೂ ಓದಿತು ಎಂದರೆ ಅದು ನನ್ನ ಅಭಿಮಾನದ ಮಾತಾದೀತು, ಸುಳ್ಳಾಗಲಾರದು.

ಹತ್ತು ಹದಿನೈದು ವರ್ಷಗಳ ತರುವಾಯ ಉತ್ತರ ಕರ್ನಾಟಕದಿಂದ ಆರ್.ವಿ. ಜಾಗೀರದಾರರು, ಅಂದರೆ ನಮ್ಮ ಶ್ರೀರಂಗರು, ಲಂಡನ್ನಿನ ಪ್ರಾಚ್ಯವಿದ್ಯಾಶಾಲೆಯಲ್ಲಿ ಓದಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು. ಅವರ ವ್ಯಾಸಂಗವೂ ನಾಟಕದ್ದಲ್ಲ. ಆದರೂ ‘ಹರಿಜನ್ವಾರ’ದ ಕಟುಸತ್ಯದಿಂದ ‘ಕೇಳು ಜನಮೇಜಯ’ದ ರೂಪಕಭಾಷೆಯವರೆಗೆ ಬರೆದು, ಕೊನೆಗೆ ಭರತನ ‘ನಾಟ್ಯಶಾಸ್ತ್ರ’ವನ್ನು ಸಮಗ್ರವಾಗಿ ಇಂಗ್ಲಿಷಿಗೆ ತಂದುಕೊಟ್ಟ ಈ ಮಹಾಶಯರು, ಹೊರಗೆ ಹೋಗಿ ಬಂದವನು ತನ್ನ ಮನೆಯ ಅಟ್ಟದಲ್ಲಿದ್ದ ಪೆಟ್ಟಿಗೆಯನ್ನು ಹೇಗೆ ತೆರೆಯುತ್ತಾನೆಂಬುದಕ್ಕೆ ಉತ್ತಮ ನಿದರ್ಶನ. ಇತ್ತ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಹಡಗನ್ನೇ ಹತ್ತದೆ ಗ್ರೀಸಿಗೆ ಹೋಗಿ ಬಂದವರೂ ಇದ್ದರು. ಬಿ.ಎಂ. ಶ್ರೀಕಂಠಯ್ಯನವರು ಸೊಫೋಕ್ಲಿಸನ ‘ಏಜಾಕ್ಸ್’ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಬರೆದರು, ಈಸ್ಕಿಲಸನ ‘ಪಾರಸಿಕರು’ ನಾಟಕವನ್ನು ಕನ್ನಡಿಸಿದರು; ಅವರ ಶಿಷ್ಯಪರಂಪರೆಯ ಕುವೆಂಪು ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಚರಿತ್ರೆಗೆ ತಿರುಗಿಸಿ ‘ರಕ್ತಾಕ್ಷಿ’ಯನ್ನು ರಚಿಸಿದರು.

ಸ್ವಾತಂತ್ರ್ಯೋತ್ತರ ಕಾಲದಲ್ಲಿ ವಿದ್ಯಾರ್ಥಿವೇತನಗಳ ಬಾಗಿಲು ತೆರೆಯಿತು. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜನೀತಿ, ಅರ್ಥಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಇಂಗ್ಲಿಷ್ ಕವಿಯಾಗಬೇಕೆಂದು ಹಂಬಲಿಸುತ್ತಿದ್ದ ಆ ತರುಣನಿಗೆ ಪ್ರಯಾಣದ ಸಿದ್ಧತೆಯ ವಾರಗಳಲ್ಲಿ ತಾನಾಗಿ ಒದಗಿದ್ದು ‘ಯಯಾತಿ’, ಅದೂ ಕನ್ನಡದಲ್ಲಿ. ಮಗನನ್ನು ಕಡಲಾಚೆಗೆ ಕಳುಹಿಸುವ ಮನೆಯ ತಳಮಳವೇ ಮಗನ ಯೌವನವನ್ನು ಬೇಡುವ ತಂದೆಯ ಕಥೆಯಾಗಿ ಕಾಣಿಸಿಕೊಂಡಿತೆಂಬುದನ್ನು ಅವರೇ ಮುಂದೆ ನಿವೇದಿಸಿದ್ದಾರೆ. ಹಿಂದಿರುಗಿದ ಮರುವರ್ಷವೇ ‘ತುಘಲಕ್’ ಬಂತು. ಚಂದ್ರಶೇಖರ ಕಂಬಾರರು 1968-69ರಲ್ಲಿ ಚಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ ಬಂದು ಬರೆದದ್ದು ‘ಜೋಕುಮಾರಸ್ವಾಮಿ’ಯನ್ನು, ಅದರ ಬೇರು ಬಯಲಾಟದಲ್ಲಿ. ಎರಡು ದಶಕಗಳ ಅನಂತರ ಅದೇ ಚಿಕಾಗೊದಲ್ಲಿ ಆಹ್ವಾನಿತ ನಾಟಕಕಾರರಾಗಿದ್ದ ಕಾರ್ನಾಡರು ‘ನಾಗಮಂಡಲ’ವನ್ನು ಕಟ್ಟಿದರು, ಅದರ ಕಥೆಯನ್ನು ಅವರಿಗೆ ಹೇಳಿದವರು ಅಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್. ರಾಮಾನುಜನ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಸಂಜೆ ಮಕ್ಕಳಿಗೆ ಕಲಸನ್ನದ ತುತ್ತು ಹಾಕುತ್ತ ಅಜ್ಜಿಯರು ಹೇಳುವ ಕಥೆಯೊಂದು ಮಿಷಿಗನ್ ಸರೋವರದ ದಂಡೆಯಲ್ಲಿ ನಾಟಕವಾಗಿ, ತರುವಾಯ ಮಿನಿಯಾಪೊಲಿಸ್ಸಿನ ಗತ್ರಿ ರಂಗಮಂದಿರವನ್ನೂ ಏರಿತು.

ರಂಗಭೂಮಿಯನ್ನೇ ವಿಷಯವನ್ನಾಗಿ ಆರಿಸಿಕೊಂಡು ಹೋದವರಲ್ಲಿ ಹೆಗ್ಗೋಡಿನ ಕೆ.ವಿ. ಅಕ್ಷರ ಮುಖ್ಯರು. ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಕಲಿತ ಮೇಲೆ ಅವರು ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ರಂಗಭೂಮಿಯ ಸ್ನಾತಕೋತ್ತರ ವ್ಯಾಸಂಗವನ್ನು ನಡೆಸಿದರು. 1950ರ ದಶಕದಲ್ಲಿ ನೈಜೀರಿಯದ ವೊಲೆ ಸೊಯಿಂಕಾ ಓದಿದ್ದುದೂ ಅದೇ ಲೀಡ್ಸಿನಲ್ಲಿ. ತಂದೆ ಕೆ.ವಿ. ಸುಬ್ಬಣ್ಣನವರು 1949ರಲ್ಲಿ ಗೆಳೆಯರೊಡಗೂಡಿ ಆರಂಭಿಸಿದ್ದ ನಾಟಕಸಂಘವಾದ ನೀನಾಸಮ್‌ಗೆ ಅಕ್ಷರ ಹಿಂದಿರುಗಿದರು. ಅಡಕೆಯ ತೋಟಗಳ ನಡುವಿನ ಆ ಊರಿನಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ 1985ರಲ್ಲಿ ‘ತಿರುಗಾಟ’ವೂ ಮೊದಲಾಗಿ, ಕಲಿತ ವಿದ್ಯೆಯು ಲಾರಿಯಲ್ಲಿ ದೀಪ ಪರದೆಗಳನ್ನು ಹೇರಿಕೊಂಡು ತಾಲ್ಲೂಕು ಊರುಗಳಿಗೆ ಹೊರಟಿತು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಆ ವಿದ್ಯೆ ತಲುಪಿದ ದಾರಿ ಮಾತ್ರ ಬೇರೆ. ಅದನ್ನು ಹೇಳುವಾಗ ಒಂದು ಕಠಿಣ ಸತ್ಯವನ್ನು ಮುಚ್ಚಿಡಲಾಗದು. ಲಂಡನ್ನಿನ ಖರ್ಚನ್ನು ಭರಿಸಲು ನ್ಯಾಯಾಧೀಶರ ಮನೆ ಬೇಕಾಗಿತ್ತು; ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಬೆಂಕಿ ಕಾಯುವವನ ಮಗನಿಗೆ ಮೈಸೂರೇ ವಿಲಾಯಿತಿಯಾಗಿತ್ತು. ಹುಣಸೂರಿನವರೇ ಆದ ಹುಣಸೂರು ಕೃಷ್ಣಮೂರ್ತಿಯವರು, ಮುಂದೆ ‘ಸತ್ಯ ಹರಿಶ್ಚಂದ್ರ’, ‘ಬಭ್ರುವಾಹನ’ ಚಿತ್ರಗಳನ್ನು ನಿರ್ದೇಶಿಸಿದವರು, ಕಲಿತದ್ದು ವೃತ್ತಿನಾಟಕದ ಕಂಪನಿಗಳಲ್ಲಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದ ಬಳಿಕ ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿನಿಲಯಗಳು ಬೆಳೆದುದರಿಂದಲೇ, ಈ ಹಳ್ಳಿಗಳ ಹುಡುಗರು ಕಾಲೇಜಿನ ಮೆಟ್ಟಿಲನ್ನೂ ಅದರ ಪಕ್ಕದ ರಂಗಮಂದಿರದ ಬಾಗಿಲನ್ನೂ ಕಾಣುವಂತಾಯಿತು.

ಆ ಬಾಗಿಲಿನಾಚೆ ಅವರಿಗಾಗಿ ಕಾದಿದ್ದ ವಿದ್ಯೆಯ ವಂಶಾವಳಿ ಸ್ವಾರಸ್ಯಕರವಾದುದು. ಟ್ರೀ ಸ್ಥಾಪಿಸಿದ ‘ರಾಡಾ’ದಲ್ಲಿ ಕಲಿತ ಇಬ್ರಾಹಿಂ ಅಲ್ಕಾಜಿ 1962ರಿಂದ ಹದಿನೈದು ವರ್ಷ ದೆಹಲಿಯ ನಾಟಕಶಾಲೆಯನ್ನು ನಡೆಸಿದರು, ಅವರಲ್ಲಿ ಕಲಿತ ಪ್ರಸನ್ನ ಕನ್ನಡಕ್ಕೆ ಮರಳಿ ‘ಸಮುದಾಯ’ ರಂಗತಂಡವನ್ನು ಕಟ್ಟಿದರು, ಮುಂದೆ ಮೈಸೂರಿನ ನಾಟಕಸಂಸ್ಥೆಯಾದ ರಂಗಾಯಣದ ನಿರ್ದೇಶಕರೂ ಆದರು. ಆ ರಂಗಾಯಣವನ್ನು 1989ರಲ್ಲಿ ಆರಂಭಿಸಿದ ಬಿ.ವಿ. ಕಾರಂತರ ಕಥೆ ಇನ್ನೂ ಅಪೂರ್ವವಾದುದು. ಮನೆಬಿಟ್ಟು ಗುಬ್ಬಿ ನಾಟಕ ಕಂಪನಿಯನ್ನು ಸೇರಿದ ಬಾಲಕನನ್ನು ಯಜಮಾನ ವೀರಣ್ಣನವರೇ ಕಾಶಿಗೆ ಓದಲು ಕಳುಹಿಸಿದರು. ಅಲ್ಲಿಂದ ದೆಹಲಿಯ ನಾಟಕಶಾಲೆಗೆ ಹೋದವರು 1972ರಲ್ಲಿ ಬೆಂಗಳೂರಿನ ಬಯಲುರಂಗದಲ್ಲಿ ಲಂಕೇಶರು ಕನ್ನಡಿಸಿದ ‘ಈಡಿಪಸ್’ ನಾಟಕವನ್ನೂ ‘ಜೋಕುಮಾರಸ್ವಾಮಿ’ಯನ್ನೂ ಒಟ್ಟೊಟ್ಟಿಗೆ ಆಡಿಸಿದರು. ರಂಗಾಯಣವು ಆ ಬಳಿಕ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ರಂಗಕ್ಕೆ ತಂದಾಗ, ಹೆಗ್ಗಡದೇವನಕೋಟೆಯ ಕಡೆಯಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ನಡುವೆ ತಟ್ಟನೆ, “ಇದು ನಮ್ಮ ಮಾತು ಕನಪ್ಪ” ಎಂದುದನ್ನು ನಾನು ಕೇಳಿದ್ದೇನೆ. ಆ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರ ಧಾಟಿಯನ್ನು ಅವರು ಅಲ್ಲಿ ಗುರುತಿಸಿದ್ದರು.

ಯಾತ್ರೆ ಒಮ್ಮುಖವಾಗಿಯೂ ಉಳಿಯಲಿಲ್ಲ. ಅಮೆರಿಕದ ಮಾರ್ಥಾ ಆಷ್ಟನ್ ಕರಾವಳಿಗೆ ಬಂದು, ಹಿರಿಯಡಕ ಗೋಪಾಲರಾಯರಂಥ ಗುರುಗಳ ಬಳಿ ಗೆಜ್ಜೆ ಕಟ್ಟಿ ಬಡಗುತಿಟ್ಟಿನ ಯಕ್ಷಗಾನವನ್ನು ಕಲಿತು, 1977ರಲ್ಲಿ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ನಮ್ಮ ಕಡೆಯ ಯಕ್ಷಗಾನವಾದ ಮೂಡಲಪಾಯದ ಭಾಗವತರಿಗೆ ಅಂಥ ಶಿಷ್ಯೆಯೊಬ್ಬಳು ದೊರೆತಿದ್ದರೆ ಎಂದು ಮೈಸೂರು ಸೀಮೆಯವನಾದ ನನ್ನ ಮನಸ್ಸು ಹಂಬಲಿಸುವುದುಂಟು.

ಇನ್ನೊಂದು ರಂಗಸಂಪ್ರದಾಯವಂತೂ ವಿದೇಶದಿಂದ ನೇರವಾಗಿ ಪಿರಿಯಾಪಟ್ಟಣ ತಾಲ್ಲೂಕಿಗೇ ಬಂದು ನೆಲಸಿತು. 1960ರ ದಶಕದ ಆದಿಯಲ್ಲಿ ಬೈಲುಕುಪ್ಪೆಯ ಕಾಡು ಕಡಿದು ಬೀಡುಬಿಟ್ಟ ಟಿಬೆಟ್ಟಿನ ನಿರಾಶ್ರಿತರು, ಜೋಳ ಬಿತ್ತುವುದನ್ನು ಕಲಿಯುತ್ತಿದ್ದ ಕಾಲದಲ್ಲಿಯೇ ವಿಹಾರಗಳನ್ನೂ ಕಟ್ಟಿ, ತಮ್ಮ ಮುಖವಾಡದ ಕುಣಿತವಾದ ‘ಛಾಮ್’ ಎಂಬುದನ್ನು ಇಲ್ಲಿ ಮತ್ತೆ ಆರಂಭಿಸಿದರು. ಅವರ ಹೊಸವರ್ಷದ ಲೋಸಾರ್ ಹಬ್ಬ ಸಮೀಪಿಸಿದಾಗ ನಾಮ್‌ಡ್ರೋಲಿಂಗ್ ವಿಹಾರದ ಅಂಗಳದಲ್ಲಿ ಉದ್ದನೆಯ ಕಹಳೆಗಳ ಮಂದ್ರನಾದಕ್ಕೆ ಭಿಕ್ಷುಗಳು ಜರಿಯ ತೋಳುಗಳನ್ನು ಬೀಸಿ, ಒಂಟಿಕಾಲಲ್ಲಿ ನಿಂತು, ನಿಧಾನವಾಗಿ ಸುತ್ತುತ್ತಾರೆ. ದೂರದೇಶಗಳ ಸಂದರ್ಶಕರು ಪುಸ್ತಕ ಪೆನ್ನುಗಳೊಡನೆ ಒಂದು ಬದಿಯಲ್ಲಿಯೂ, ನೆರೆಯ ಕೊಪ್ಪದ ಕಡೆಯ ರೈತರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇನ್ನೊಂದು ಬದಿಯಲ್ಲಿಯೂ ನಿಂತು ನೋಡುತ್ತಾರೆ. ಒಂದು ಮಧ್ಯಾಹ್ನ ಅಭ್ಯಾಸದ ವೇಳೆಗೆ ನಾನು ಅಲ್ಲಿದ್ದೆ. ಎಳೆಯ ಭಿಕ್ಷುವೊಬ್ಬ ತಿರುಗುವಾಗ ತಾಳ ತಪ್ಪಿದ. ಗೋಡೆಗೊರಗಿ ಕುಳಿತಿದ್ದ ಹಿರಿಯರು ಮಾತಾಡಲಿಲ್ಲ. ಎದುರಿಗಿದ್ದ ಮಣೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದರು. ಹುಡುಗ ಮೊದಲಿದ್ದ ಜಾಗಕ್ಕೆ ಹಿಂದಿರುಗಿ ನಿಂತ.