ಸ್ಮಾರ್ಟ್ ಟಿವಿ ಮತ್ತು ವೀಕ್ಷಕರ ಖಾಸಗಿತನ

ಸ್ಮಾರ್ಟ್ ಟಿವಿ ಎಂದರೆ ಅಂತರಜಾಲ ಸಂಪರ್ಕವನ್ನೂ ತನ್ನದೇ ಕಾರ್ಯಾಚರಣಾ ವ್ಯವಸ್ಥೆಯನ್ನೂ ಹೊಂದಿದ್ದು, ಆ್ಯಪ್‌ಗಳ ಮೂಲಕ ಕಾರ್ಯಕ್ರಮಗಳನ್ನು ತೋರಿಸಬಲ್ಲ ದೂರದರ್ಶನ ಸಾಧನ. ಹಳೆಯ ಟಿವಿ ಸಂಕೇತಗಳನ್ನು ಸ್ವೀಕರಿಸುತ್ತಿತ್ತು ಮಾತ್ರ. ಸ್ಮಾರ್ಟ್ ಟಿವಿ ಮಾಹಿತಿಯನ್ನು ಹೊರಗೆ ಕಳುಹಿಸಲೂ ಬಲ್ಲದು. ಮನೆಯಲ್ಲಿ ಏನನ್ನು, ಯಾವಾಗ, ಎಷ್ಟು ಹೊತ್ತು ನೋಡಲಾಯಿತು ಎಂಬ ವಿವರಗಳು ತಯಾರಕರಿಗೂ ಅವರ ಮೂಲಕ ಜಾಹೀರಾತು ಸಂಸ್ಥೆಗಳಿಗೂ ತಲುಪುವ ಸಾಧ್ಯತೆ ಇರುವುದರಿಂದ ಇದು ಖಾಸಗಿತನದ ಪ್ರಶ್ನೆಯಾಗಿದೆ.

ಹಿನ್ನೆಲೆ

ವೀಕ್ಷಕರ ಅಧ್ಯಯನ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೊ ನಡೆಸಿದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ (ಸೈಟ್) ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡಿತ್ತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು ಇದಕ್ಕೆ ಆಯ್ಕೆಯಾಗಿದ್ದವು. ಊರವರು ಸಾರ್ವಜನಿಕ ಸ್ಥಳದಲ್ಲಿ ಒಟ್ಟಾಗಿ ಕುಳಿತು ಕಾರ್ಯಕ್ರಮ ನೋಡುತ್ತಿದ್ದರು. ಅದರ ಪರಿಣಾಮವನ್ನು ತಿಳಿಯಲು ಸಂಶೋಧಕರು ಹಳ್ಳಿಗಳಿಗೆ ಹೋಗಿ ಜನರನ್ನೇ ಪ್ರಶ್ನಿಸುತ್ತಿದ್ದರು.

ಭಾರತದಲ್ಲಿ 2015ರಿಂದ ಟಿವಿ ವೀಕ್ಷಣೆಯನ್ನು ಅಳೆಯುತ್ತಿರುವ ಸಂಸ್ಥೆ ಬಾರ್ಕ್ ಇಂಡಿಯಾ. ವಾಹಿನಿಗಳ ಧ್ವನಿಯಲ್ಲಿ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಲಾಗುತ್ತದೆ; ಆಯ್ದ ಮನೆಗಳಲ್ಲಿ ಇರಿಸಿದ ಮೀಟರ್ ಅದನ್ನು ಪತ್ತೆಹಚ್ಚುತ್ತದೆ. ಆ ಮನೆಯವರಿಗೆ ತಮ್ಮ ವೀಕ್ಷಣೆ ದಾಖಲಾಗುತ್ತಿದೆ ಎಂಬುದು ತಿಳಿದಿರುತ್ತದೆ. ಸ್ಮಾರ್ಟ್ ಟಿವಿಯ ವಿಷಯದಲ್ಲಿ ಬಹುಪಾಲು ಬಳಕೆದಾರರಿಗೆ ಈ ಅರಿವು ಇರುವುದಿಲ್ಲ.

ಕಾರ್ಯವಿಧಾನ

ವೀಕ್ಷಣೆಯ ಜಾಡು ಹಿಡಿಯುವ ಮುಖ್ಯ ತಂತ್ರವನ್ನು ಸ್ವಯಂಚಾಲಿತ ವಿಷಯ ಗುರುತಿಸುವಿಕೆ ಅಥವಾ ಎಸಿಆರ್ ಎನ್ನುತ್ತಾರೆ. ಟಿವಿಯು ಪರದೆಯ ಚಿತ್ರ ಅಥವಾ ಧ್ವನಿಯ ಚಿಕ್ಕ ಮಾದರಿಗಳನ್ನು ಆಗಾಗ ಸೆರೆಹಿಡಿದು, ಅವುಗಳಿಂದ ಒಂದು ಬಗೆಯ 'ಬೆರಳಚ್ಚು' ತಯಾರಿಸಿ ಸರ್ವರ್‌ಗೆ ಕಳುಹಿಸುತ್ತದೆ. ಅಲ್ಲಿನ ದತ್ತಸಂಚಯದೊಡನೆ ಹೋಲಿಸಿದಾಗ ಕಾರ್ಯಕ್ರಮ ಯಾವುದೆಂದು ತಿಳಿಯುತ್ತದೆ.

ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳನ್ನು ಬ್ರಿಟನ್ ಮತ್ತು ಅಮೆರಿಕದಲ್ಲಿ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು, ಎಚ್‌ಡಿಎಂಐ ಮೂಲಕ ಲ್ಯಾಪ್‌ಟಾಪ್ ಅಥವಾ ಗೇಮ್ ಸಾಧನವನ್ನು ಜೋಡಿಸಿದಾಗಲೂ ಎಸಿಆರ್ ಕೆಲಸ ಮಾಡುತ್ತದೆ ಎಂದು ತೋರಿಸಿತು. ಸೆಟ್ಟಿಂಗ್ಸ್‌ನಲ್ಲಿ ಸಮ್ಮತಿಯನ್ನು ಹಿಂತೆಗೆದುಕೊಂಡಾಗ ಎಸಿಆರ್ ಸರ್ವರ್‌ಗಳೊಡನೆ ಸಂಪರ್ಕ ನಿಂತದ್ದು ಅದೇ ಅಧ್ಯಯನದ ಮತ್ತೊಂದು ಮುಖ್ಯ ಫಲಿತಾಂಶ.

ಎಸಿಆರ್ ಅಲ್ಲದೆ ಜಾಹೀರಾತು ಗುರುತು ಸಂಖ್ಯೆ, ಆ್ಯಪ್‌ಗಳ ಬಳಕೆಯ ದಾಖಲೆ, ಧ್ವನಿ ಆದೇಶಗಳು ಹಾಗೂ ಐಪಿ ವಿಳಾಸ ಕೂಡ ಮನೆಯವರ ಅಭಿರುಚಿಯನ್ನು ಊಹಿಸಲು ನೆರವಾಗುತ್ತವೆ.

ಪ್ರಮುಖ ಪ್ರಕರಣ

ಅಮೆರಿಕದ ವಿಜಿಯೊ ಕಂಪನಿಯು ಸುಮಾರು 1.1 ಕೋಟಿ ಟಿವಿಗಳಿಂದ ವೀಕ್ಷಕರ ಸಮ್ಮತಿಯಿಲ್ಲದೆ ವೀಕ್ಷಣೆಯ ವಿವರ ಸಂಗ್ರಹಿಸಿದೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯ ಆರೋಪಿಸಿದವು. 2017ರ ಫೆಬ್ರವರಿಯಲ್ಲಿ ಕಂಪನಿ 22 ಲಕ್ಷ ಡಾಲರ್ ಪಾವತಿಸಲು ಒಪ್ಪಿತು. 2016ರ ಮಾರ್ಚ್ 1ಕ್ಕಿಂತ ಮೊದಲು ಸಂಗ್ರಹಿಸಿದ ದತ್ತಾಂಶವನ್ನು ಅಳಿಸಬೇಕೆಂದೂ, ಮುಂದೆ ಸ್ಪಷ್ಟ ಸಮ್ಮತಿ ಪಡೆಯಬೇಕೆಂದೂ ಆದೇಶವಾಯಿತು.

ಭಾರತದಲ್ಲಿ ಕಾನೂನು

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಆರಂಭವಾದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ ಸಮ್ಮತಿಯು ಮುಕ್ತ, ನಿರ್ದಿಷ್ಟ ಹಾಗೂ ತಿಳಿದು ಕೊಟ್ಟದ್ದಾಗಿರಬೇಕು. ಅದನ್ನು ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಸಮ್ಮತಿ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗಿರಬೇಕು. ಕನ್ನಡವೂ ಈ ಭಾಷೆಗಳಲ್ಲಿ ಒಂದು. 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ಕಾಯ್ದೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ಇದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಯಿತು. ಕಂಪನಿಗಳ ಪ್ರಮುಖ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

* ಹೊಸ ಟಿವಿಯನ್ನು ಮೊದಲ ಬಾರಿ ಸಿದ್ಧಪಡಿಸುವಾಗ 'ಎಲ್ಲವನ್ನೂ ಒಪ್ಪುತ್ತೇನೆ' ಎಂಬುದನ್ನು ಒತ್ತದೆ, ಕಡ್ಡಾಯವಲ್ಲದ ಸಮ್ಮತಿಗಳನ್ನು ಬಿಟ್ಟುಬಿಡುವುದು.
* ಎಸಿಆರ್ ಸೌಲಭ್ಯವನ್ನು ನಿಲ್ಲಿಸುವುದು. ಸ್ಯಾಮ್‌ಸಂಗ್‌ನಲ್ಲಿ ಇದು 'ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್', ಎಲ್‌ಜಿಯಲ್ಲಿ 'ಲೈವ್ ಪ್ಲಸ್' ಎಂಬ ಹೆಸರಿನಲ್ಲಿರುತ್ತದೆ. ಮಾದರಿಗೆ ತಕ್ಕಂತೆ ಹೆಸರು ಬದಲಾಗಬಹುದು.
* ಜಾಹೀರಾತು ಗುರುತು ಸಂಖ್ಯೆಯನ್ನು ಅಳಿಸುವುದು ಅಥವಾ ಬದಲಿಸುವುದು.
* ಬಳಸದ ಮೈಕ್ರೊಫೋನ್ ಮತ್ತು ಕ್ಯಾಮೆರಾಗಳನ್ನು ನಿಷ್ಕ್ರಿಯಗೊಳಿಸುವುದು.
* ಆ್ಯಪ್‌ಗಳು ಬೇಡವಾದರೆ ವೈಫೈ ಸಂಪರ್ಕ ಕೊಡದಿರುವುದು. ಸೆಟ್‌ಟಾಪ್ ಬಾಕ್ಸ್, ಡಿಶ್ ಮತ್ತು ಪೆನ್‌ಡ್ರೈವ್ ಅಂತರಜಾಲವಿಲ್ಲದೆಯೂ ಕೆಲಸ ಮಾಡುತ್ತವೆ.
* ತಂತ್ರಾಂಶ ನವೀಕರಣದ ನಂತರ ಸೆಟ್ಟಿಂಗ್ಸ್ ಅನ್ನು ಮತ್ತೊಮ್ಮೆ ಪರಿಶೀಲಿಸುವುದು.
* ಹಳೆಯ ಟಿವಿಯನ್ನು ಮಾರುವ ಮೊದಲು ಖಾತೆಗಳಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡುವುದು.

ಎಸಿಆರ್ ನಿಲ್ಲಿಸಿದ ಮಾತ್ರಕ್ಕೆ ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂತಹ ಆ್ಯಪ್‌ಗಳು ತಮ್ಮ ಖಾತೆಗಳಲ್ಲಿ ಇಡುವ ವೀಕ್ಷಣಾ ದಾಖಲೆ ನಿಲ್ಲುವುದಿಲ್ಲ. ಅದನ್ನು ಆಯಾ ಖಾತೆಯ ಸೆಟ್ಟಿಂಗ್ಸ್‌ನಲ್ಲಿಯೇ ನಿರ್ವಹಿಸಬೇಕಾಗುತ್ತದೆ.