ಬಂಡೆ ಗಟ್ಟಿಯಿತ್ತು, ಓದು ಕಳೆದಿತ್ತು

ಮಸ್ಕಿಯ ಬಂಡೆಶಾಸನ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಶೋಕನ ಹೆಸರನ್ನೇ ಹೇಳುವ ಶಾಸನ ಮೊದಲು ಸಿಕ್ಕಿದ್ದು ಅಲ್ಲಿ ಎಂಬುದು ನಮ್ಮ ಕಡೆ ಶಾಲೆ ಮಕ್ಕಳಿಗೂ ಗೊತ್ತು. ನನ್ನನ್ನು ಕಾಡುವುದು ಬೇರೆ ಸಂಗತಿ. ಅದೇ ಬಂಡೆ 1815ರಲ್ಲಿ ಸಿಕ್ಕಿದ್ದರೆ ಓದುವವರೇ ಇರಲಿಲ್ಲ; ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದು 1837ರ ಹೊತ್ತಿಗೆ. ಅಕ್ಷರಗಳು ಅಲ್ಲಿಯೇ ಇದ್ದವು, ಓದು ಕಳೆದಿತ್ತು.

ಲಿಂಗಸುಗೂರಿನಲ್ಲಿ ಮುಚ್ಚಿಹೋದ ಡಿಟಿಪಿ ಅಂಗಡಿಯೊಂದರ ಹಾರ್ಡ್ ಡಿಸ್ಕು ಕೈಗೆ ಬಂದಾಗ ಈ ಮಾತು ನೆನಪಾಯಿತು. ಡಿಸ್ಕಿನಲ್ಲಿದ್ದುದನ್ನೆಲ್ಲ ಒಂದೇ ಕಡತವಾಗಿ ನಕಲಿಸಿಕೊಂಡೆ. ಡಿಸ್ಕ್ ಇಮೇಜ್ ಎಂದರೆ ಇದೇ: ವಿಂಡೋಸ್ 98, ಫಾಂಟುಗಳು, ಪೇಜ್‌ಮೇಕರ್, ಅಳಿಸಿದ ಕಸ, ಎಲ್ಲವೂ ಇದ್ದಲ್ಲೇ ಇರುವ ಪಡಿಯಚ್ಚು.

ಬೇಕಾದ ಫೈಲುಗಳನ್ನಷ್ಟೇ ಎತ್ತಿಕೊಂಡರೆ ಸಾಲದೇ ಎಂದು ಗೆಳೆಯರು ಕೇಳಿದರು. ಸಾಲದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ವಿಂಡೋಸ್‌ಗೆ ತುಂಗಾ ಫಾಂಟು ಬಂದದ್ದು 2001ರ ಎಕ್ಸ್‌ಪಿಯ ಜೊತೆ. ಅಲ್ಲಿಯವರೆಗೂ, ಡಿಟಿಪಿ ಅಂಗಡಿಗಳಲ್ಲಿ ಆಮೇಲೂ ಎಷ್ಟೋ ವರ್ಷ, ನಮ್ಮ ಅಕ್ಷರಗಳು ರೋಮನ್ ಲಿಪಿಯ ಮನೆಯಲ್ಲಿ ಬಾಡಿಗೆಗಿದ್ದವು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಂಪ್ಯೂಟರ್ ಒಳಗೆ ಬರೆದುಕೊಳ್ಳುತ್ತಿದ್ದುದು ಹೀಗೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಎ. ಪಿ ಅಂದರೆ ತಲೆಕಟ್ಟಿಲ್ಲದ ಕ; ಓರೆಗೆರೆಯ ಎ ತಲೆಕಟ್ಟು; ಜರ್ಮನ್ ಎಸ್ ನ-ಒತ್ತು. ಯಾರು ಕೂತು ಹೊಂದಿಸಿದರೋ, ಜಾಣರು! ಆದರೆ ಫಾಂಟು ತೆಗೆದರೆ ಉಳಿಯುವುದು ಈ ಸಂತೆಯೇ.

ಪರಿವರ್ತಕಗಳಿವೆ, ನಿಜ. ಅವಕ್ಕೆ ಪಠ್ಯ ಕೊಡಬೇಕಲ್ಲ? ಪಠ್ಯ ಪೇಜ್‌ಮೇಕರ್ ಕಡತದೊಳಗೆ ಕೂತಿದೆ. 2001ರ 7.0 ಅದರ ಕೊನೆಯ ಆವೃತ್ತಿ; ಇಂದಿನ ಇನ್‌ಡಿಸೈನ್ ಆ ಕಡತಗಳನ್ನು ತೆರೆಯುವುದಿಲ್ಲ.

ಉಳಿದ ದಾರಿ ವರ್ಚುವಲ್ ಮೆಷೀನ್. ಒಂದು ಯಂತ್ರದೊಳಗೆ ಇಲ್ಲದ ಇನ್ನೊಂದು ಯಂತ್ರವನ್ನು ನಂಬಿಸುವ ಉಪಾಯ ಹಳೆಯದು. ಐಬಿಎಂ 1972ರಲ್ಲೇ ವಿಎಂ/370 ತಂದಿತ್ತು. ವಿಂಡೋಸ್ 98ಕ್ಕೆ ಧಾರಾಳತನ ಒಗ್ಗದು, 512 ಎಂಬಿಗಿಂತ ಹೆಚ್ಚು ಮೆಮೊರಿ ಕೊಟ್ಟರೆ ಮುನಿಯುತ್ತದೆ. 256 ಕೊಟ್ಟೆ. ಮೂಲ ನಕಲು ಕೆಡದಿರಲೆಂದು ಮೇಲೊಂದು ಪದರ ಹಾಕಿ, ಹೊಸದಾಗಿ ಬರೆಯುವುದೆಲ್ಲ ಅದಕ್ಕೇ ಹೋಗುವಂತೆ ಮಾಡಿದೆ. ಹೊಸ ಹಾರ್ಡ್‌ವೇರ್ ಕಂಡಿತೆಂದು ಹತ್ತಾರು ಸಲ ಗೊಣಗಿ, ಕೊನೆಗೆ ಡೆಸ್ಕ್‌ಟಾಪ್ ಮೂಡಿತು.

ಮದುವೆ ಕಾರ್ಡುಗಳು, ಜಾತ್ರೆಯ ಕರಪತ್ರಗಳು. ಅವುಗಳ ನಡುವೆ ಅಚ್ಚಾಗದೆ ಉಳಿದ ತತ್ವಪದಗಳ ಒಂದು ಸಂಗ್ರಹ, ಹಾಡುವವರ ಬಾಯಿಂದ ಕೇಳಿ ಬರೆದದ್ದು. ಆ ಹಾಡುಗಾರರು ಈಗಿಲ್ಲ. ಯೂನಿಕೋಡಿಗೆ ತಂದುಕೊಂಡ ಮೇಲೂ ನಾನು ಇಮೇಜನ್ನು ಅಳಿಸಿಲ್ಲ. ಸಂಗ್ರಹಕಾರರ ಟಿಪ್ಪಣಿಗಳು ಪುಟದ ಅಂಚಿನಾಚೆ, ಅಚ್ಚಿಗೆ ಹೋಗದ ಖಾಲಿ ಜಾಗದಲ್ಲಿ ಬಿದ್ದಿವೆ. ಯಾವ ಟಿಪ್ಪಣಿ ಯಾವ ಪದದ್ದೆಂದು ಅಲ್ಲಿ ನೋಡಿದರೇ ತಿಳಿಯುವುದು. ಒಂದು ಪದದ ಪಕ್ಕ ಹೀಗಿದೆ: ಇನ್ನೂ ಒಂದು ನುಡಿ ಇದೆಯಂತೆ, ಸುಗ್ಗಿ ಮುಗಿದ ಮೇಲೆ ಹೋಗಿ ಕೇಳಬೇಕು.