ಕೊದವಾರಿ ಎಂಬ ಪಟ್ಟು

ಟೋಕಿಯೊದ ಒಂದು ಓಣಿ. ರಾಮೆನ್ ಅಂಗಡಿಯ ಮುಂದೆ ಹದಿನೈದು ಇಪ್ಪತ್ತು ಮಂದಿ ಸಾಲು ನಿಂತಿದ್ದರು. ಬಾಗಿಲಿಗೆ ಇಳಿಬಿಟ್ಟ ನೀಲಿ ಬಟ್ಟೆಯ ಪಕ್ಕದಲ್ಲಿ ಒಂದು ಮರದ ಹಲಗೆ, ಅದರ ಮೇಲೆ ಕುಂಚದಲ್ಲಿ ಬರೆದ ದಪ್ಪ ಅಕ್ಷರ. ಹತ್ತು ವರ್ಷದಿಂದ ಅಲ್ಲೇ ನೆಲೆಸಿರುವ ದಾವಣಗೆರೆಯ ಗೆಳೆಯನನ್ನು ‘ಏನಂತ ಬರೆದಿದ್ದಾರೆ?’ ಎಂದು ಕೇಳಿದೆ.

‘ಕೊದವಾರಿಯ ಸಾರು ಅಂತ.’

‘ಹಾಗಂದ್ರೆ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಒಂದೇ ಮಾತಲ್ಲಿ ಹೇಳಕ್ಕಾಗಲ್ಲ ಕಣೋ. ಈ ಸಾರಿನ ವಿಷಯದಲ್ಲಿ ಈ ಮನುಷ್ಯ ಯಾರ ಮಾತೂ ಕೇಳಲ್ಲ ಅಂತ ಇಟ್ಕೋ.’

ಅಲ್ಲಿಂದಾಚೆ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ತೋಫು ಮಾರುವಲ್ಲಿ, ಕಾಫಿಬೀಜ ಹುರಿಯುವಲ್ಲಿ, ರೈಲು ನಿಲ್ದಾಣದ ಊಟದ ಡಬ್ಬಿಯ ಮೇಲೆ, ಎಲ್ಲೆಲ್ಲೂ ಕೊದವಾರಿ. ಗೆಳೆಯ ತೋರಿಸಿಕೊಟ್ಟ ಮೇಲೆ ಆ ನಾಲ್ಕು ಅಕ್ಷರಗಳ ಆಕಾರ ನನಗೂ ಗುರುತು ಸಿಗತೊಡಗಿತು. ಊರಿಗೆ ಮರಳಿದ ಮೇಲೂ ಅದರ ಜಾಡು ಹಿಡಿದು ಓದುತ್ತಾ ಹೋದೆ. ಈಗ ಅಂಗಡಿ ಹಲಗೆಯ ಮೇಲೆ ಮೆರೆಯುವ ಈ ಪದ ಒಂದು ಕಾಲದಲ್ಲಿ ಬೈಗುಳದ ಹತ್ತಿರದ್ದು ಎಂದು ತಿಳಿದಾಗ ಅದರ ಮೇಲಿನ ಅಕ್ಕರೆ ಇನ್ನೂ ಹೆಚ್ಚಿತು.

‘ಕೊದವಾರು’ ಎಂಬುದು ಕ್ರಿಯಾಪದ. ಎಲ್ಲೋ ಸಿಕ್ಕಿಹಾಕಿಕೊಳ್ಳುವುದು, ಮುಂದೆ ಹೋಗಲಾರದೆ ತಡೆದು ನಿಲ್ಲುವುದು, ಕ್ಷುಲ್ಲಕ ಸಂಗತಿಯೊಂದನ್ನು ಬಿಡಲಾರದೆ ಒದ್ದಾಡುವುದು ಅದರ ಹಳೆಯ ಅರ್ಥ. ಹಣಕ್ಕೆ ಅಂಟಿಕೊಂಡವನು, ಮುಗಿದುಹೋದ ಜಗಳವನ್ನು ಮತ್ತೆ ಮತ್ತೆ ಕೆದಕುವವನು, ಮಾನಮರ್ಯಾದೆಯ ಲೆಕ್ಕದಲ್ಲೇ ಮುಳುಗಿದವನು, ಇವರೆಲ್ಲ ಕೊದವಾರುವವರು. ಈ ಪದವನ್ನು ಸಾಮಾನ್ಯವಾಗಿ ಸರಳ ಲಿಪಿಯಲ್ಲೇ ಬರೆಯುತ್ತಾರೆ. ಚೀನಾದಿಂದ ಬಂದ ಅಕ್ಷರದಲ್ಲಿ ಬರೆಯುವುದಾದರೆ ಅದೇ ಅಕ್ಷರ ಪೊಲೀಸರು ಒಬ್ಬನನ್ನು ಬಂಧನದಲ್ಲಿ ಇಡುವುದಕ್ಕಿರುವ ಪದದಲ್ಲೂ ಕುಳಿತಿದೆ. ಕೊದವಾರಿ ಎಂದರೆ ಮನಸ್ಸಿಗೆ ತಾನೇ ಹಾಕಿಕೊಂಡ ಸೆರೆ. ಇಪ್ಪತ್ತನೆಯ ಶತಮಾನದ ಕೊನೆಯ ಕೆಲವು ದಶಕಗಳಲ್ಲಿ ಆ ಸೆರೆಯ ಬಾಗಿಲು ತೆರೆಯಿತು. ಕೈಗೆತ್ತಿಕೊಂಡ ಕೆಲಸದಲ್ಲಿ ಎಳ್ಳಷ್ಟೂ ರಾಜಿಯಾಗದವನ ನಿಷ್ಠೆಯನ್ನೂ ಜನ ಕೊದವಾರಿ ಎಂದೇ ಕರೆಯತೊಡಗಿದರು. ಹಳೆಯ ಅರ್ಥವೂ ಸತ್ತಿಲ್ಲ. ‘ಆಗಿದ್ದಕ್ಕೆ ಕೊದವಾರಬೇಡ’ ಎಂದು ಹಿರಿಯರು ಈಗಲೂ ಬುದ್ಧಿ ಹೇಳುತ್ತಾರೆ. ಒಂದೇ ಪದ ಒಂದು ಬಾಯಲ್ಲಿ ಎಚ್ಚರಿಕೆ, ಇನ್ನೊಂದು ಬಾಯಲ್ಲಿ ಮೆಚ್ಚುಗೆ.

ಕನ್ನಡದವರಿಗೆ ಈ ತಿರುವು ಹೊಸದಲ್ಲ. ನಮ್ಮ ‘ಛಲ’ವನ್ನೇ ನೋಡಿ. ಸಂಸ್ಕೃತದಲ್ಲಿ ಛಲ ಎಂದರೆ ಮೋಸ, ಕಪಟ. ಹಿಂದಿಯಲ್ಲಿ ಇವತ್ತಿಗೂ ಅದೇ ಅರ್ಥ. ಕನ್ನಡದ ನೆಲಕ್ಕೆ ಬಂದದ್ದೇ ಆ ಪದ ಬೆನ್ನು ನೆಟ್ಟಗೆ ಮಾಡಿಕೊಂಡಿತು. ಪಂಪನ ಕಾಲಕ್ಕಾಗಲೇ ಅದು ಗುಣವಾಗಿತ್ತು. ದುರ್ಯೋಧನನ ವಿಷಯದಲ್ಲಿ ಅವನು ಎತ್ತಿ ಹೇಳುವುದು ಛಲವನ್ನೇ. ಕೊದವಾರಿಗೆ ನಮ್ಮಲ್ಲಿ ಇನ್ನೂ ಹತ್ತಿರದ ನೆಂಟ ‘ಪಟ್ಟು’. ಮಗು ಪಟ್ಟು ಹಿಡಿದರೆ ತಾಯಿಗೆ ತಲೆನೋವು, ಪೈಲ್ವಾನ ಪಟ್ಟು ಹಿಡಿದರೆ ಗರಡಿಗೇ ಹೆಮ್ಮೆ. ಯಾವುದನ್ನು ಹಿಡಿದಿದ್ದಾನೆ, ಯಾರಿಗಾಗಿ ಹಿಡಿದಿದ್ದಾನೆ ಎನ್ನುವುದರ ಮೇಲೆ ಪಟ್ಟಿನ ಬೆಲೆ.

ಅಂಥ ಪಟ್ಟೊಂದು ನನಗೆ ಎದುರಾದದ್ದು ಗಡಿಯಾರಗಳ ಲೋಕದಲ್ಲಿ. ಟೋಕಿಯೊದ ಗಿಂಜಾದಲ್ಲಿ 1932ರಲ್ಲಿ ಕಟ್ಟಿದ ಒಂದು ಗಡಿಯಾರದ ಗೋಪುರ ಇದೆ. ಅದನ್ನು ಕಟ್ಟಿಸಿದ್ದು ಹತ್ತೊರಿ ಕಿಂತಾರೊ ಕಟ್ಟಿ ಬೆಳೆಸಿದ ಸಂಸ್ಥೆ. 1881ರಲ್ಲಿ ಗಡಿಯಾರದ ಅಂಗಡಿ ತೆರೆದ ಹತ್ತೊರಿ 1892ರಲ್ಲಿ ಸೀಕೊಶಾ ಎಂಬ ಕಾರ್ಖಾನೆ ಹಾಕಿದರು; 1913ರಲ್ಲಿ ಅಲ್ಲಿಂದ ಜಪಾನಿನ ಮೊದಲ ಕೈಗಡಿಯಾರ ಹೊರಬಂತು. ಸ್ವಿಸ್ ವಾಚುಗಳಿಗೆ ಸಮನಾಗಿ ನಿಲ್ಲಬೇಕೆಂಬ ಹಟದಿಂದ 1960ರಲ್ಲಿ ಹುಟ್ಟಿದ್ದು ಗ್ರ್ಯಾಂಡ್ ಸೀಕೊ. ಒಂದು ಸಂಜೆ ಗಿಂಜಾದ ಅಂಗಡಿಯೊಂದರಲ್ಲಿ ಬಿಳಿ ಕೈಗವಸು ತೊಟ್ಟ ಹಿರಿಯರೊಬ್ಬರು ಅಂಥದ್ದೊಂದನ್ನು ಕಪ್ಪು ಬಟ್ಟೆಯ ಮೇಲಿಟ್ಟು ನನ್ನ ಕಡೆ ತಳ್ಳಿದರು. ಬಂಗಾರವಲ್ಲ, ವಜ್ರವಿಲ್ಲ, ಬರೀ ಉಕ್ಕು. ನಮ್ಮ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಬೆಲೆ ಲಕ್ಷಗಳಲ್ಲಿ.

‘ಅಂಚನ್ನು ನೋಡಿ’ ಎಂದರು. ನೋಡಿದೆ. ಮೇಲಿನ ಚಾವಣಿಯ ದೀಪದ ನೇರ ಗೆರೆ ಉಕ್ಕಿನೊಳಗೂ ನೇರವಾಗಿಯೇ ಬಿದ್ದಿತ್ತು, ಎಲ್ಲೂ ಕೊಂಕಿರಲಿಲ್ಲ. ಎರಡು ಮುಖಗಳು ಕೂಡುವ ಕಡೆ ಅಂಚು ಹೊಸ ಬ್ಲೇಡಿನ ಹಾಗೆ ಇತ್ತು. ಸಾಧಾರಣವಾಗಿ ಉಜ್ಜಿ ಹೊಳಪು ಕೊಟ್ಟರೆ ಅಂಚು ಸವೆದು ದುಂಡಗಾಗುತ್ತದೆ, ಬಿಂಬ ನೀರಿನಲ್ಲಿ ಕಂಡ ಹಾಗೆ ಅಲುಗುತ್ತದೆ. ಇಲ್ಲಿ ತಿರುಗುವ ತವರದ ತಟ್ಟೆಯ ಮುಖಕ್ಕೆ ವಾಚಿನ ಕವಚವನ್ನು ಬರಿಗೈಯಿಂದ ಒತ್ತಿ ಹಿಡಿಯುತ್ತಾರೆ. ಎಷ್ಟು ಕೋನ, ಎಷ್ಟು ಒತ್ತು, ಎಷ್ಟು ಹೊತ್ತು ಎನ್ನುವುದು ಬೆರಳಿಗೆ ಗೊತ್ತಿರಬೇಕು. ಈ ಕೆಲಸಕ್ಕೆ ‘ಜರತ್ಸು’ ಎಂದು ಹೆಸರು. ಕೇಳಿದರೆ ಯಾವುದೋ ಹಳೆಯ ಕತ್ತಿ ಕಮ್ಮಾರರ ಮಾತಿನಂತಿದೆ. ಆದರೆ ಅದು ‘ಸಲ್ಲಾಜ್’ ಎಂಬ ಯುರೋಪಿನ ಯಂತ್ರ ತಯಾರಕರ ಹೆಸರು, ಜಪಾನಿನ ಬಾಯಲ್ಲಿ ಹೊರಳಿ ಹೀಗಾಗಿದೆ. ಯಂತ್ರ ಹೊರಗಿನದು, ಹೆಸರೂ ಹೊರಗಿನದು. ಅದರ ಮುಂದೆ ವರ್ಷಗಟ್ಟಲೆ ಕೂತು ಪಳಗಿದ ಕೈಗಳಿಂದಾಗಿ ಎರಡೂ ಆ ಊರಿನವಾದವು. ಪದಗಳು ಹೀಗೂ ಒಕ್ಕಲಾಗುತ್ತವೆ.

ಹತ್ತೊರಿ ಕಟ್ಟಿದ ಸೀಕೊ ಸಂಸ್ಥೆಯ ಇಂಜಿನಿಯರ್ ಅಕಹನೆ ಯೊಶಿಕಜು ಅವರದು ಇನ್ನೊಂದು ಬಗೆಯ ಕೊದವಾರಿ. 1969ರ ಡಿಸೆಂಬರ್ 25ರಂದು ಸೀಕೊ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಬಿಟ್ಟಿತ್ತು. ಕರಾರುವಾಕ್ಕು ಸಮಯಕ್ಕೆ ಬ್ಯಾಟರಿ ಬೇಕೇ ಬೇಕು ಎಂದು ಎಲ್ಲರೂ ಒಪ್ಪಿಕೊಂಡ ಹೊತ್ತಿನಲ್ಲಿ, ಸ್ಪ್ರಿಂಗಿನ ಬಲದಿಂದಲೇ ನಡೆದು ಕ್ವಾರ್ಟ್ಜ್‌ನಷ್ಟು ನಿಖರವಾಗಿರುವ ವಾಚು ಆಗಬೇಕೆಂದು ಅವರು 1977ರಲ್ಲಿ ಹೊರಟರು. ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಹುಟ್ಟುವ ಚೂರೇ ಚೂರು ವಿದ್ಯುತ್ತಿನಿಂದ ಕ್ವಾರ್ಟ್ಜ್ ಹರಳನ್ನು ಮಿಡಿಯಿಸಿ, ಆ ಮಿಡಿತ ನೋಡಿಕೊಂಡು ಚಕ್ರದ ಓಟಕ್ಕೆ ಅಯಸ್ಕಾಂತದ ತಡೆ ಹಾಕುವ ಉಪಾಯ. 600ಕ್ಕೂ ಹೆಚ್ಚು ಮಾದರಿಗಳನ್ನು ಮಾಡಿ ನೋಡಬೇಕಾಯಿತು. 1999ರಲ್ಲಿ ‘ಸ್ಪ್ರಿಂಗ್ ಡ್ರೈವ್’ ಮಾರುಕಟ್ಟೆಗೆ ಬಂದಾಗ ಅಕಹನೆ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅದರ ಸೆಕೆಂಡಿನ ಮುಳ್ಳು ಟಿಕ್ ಎನ್ನುವುದಿಲ್ಲ, ಎಣ್ಣೆ ಜಾರಿದ ಹಾಗೆ ಜಾರುತ್ತಲೇ ಇರುತ್ತದೆ. ಆ ಜಾರುವಿಕೆಯನ್ನು ನೋಡುತ್ತಾ ನಿಂತಾಗ ನನಗೆ ಬೆಲೆಯ ಲೆಕ್ಕ ಮರೆತುಹೋಗಿತ್ತು.

ವಾಚಿನಲ್ಲಿ ಕಂಡ ಪಟ್ಟನ್ನು ಊಟದ ಮಣೆಯ ಮೇಲೂ ಕಾಣಬಹುದು. ಗಿಂಜಾದ ಮೆಟ್ರೊ ನಿಲ್ದಾಣದ ನೆಲಮಾಳಿಗೆಯಲ್ಲಿ ಹತ್ತೇ ಕುರ್ಚಿಯ ಒಂದು ಸುಶಿ ಅಂಗಡಿ, ಸುಕಿಯಬಾಶಿ ಜಿರೊ. 1925ರಲ್ಲಿ ಹುಟ್ಟಿದ ಒನೊ ಜಿರೊ ಅವರ ಆ ಜಾಗದ ಬಗ್ಗೆ 2011ರಲ್ಲಿ ಸಾಕ್ಷ್ಯಚಿತ್ರವೂ ಬಂತು. ಅಲ್ಲಿ ಆಕ್ಟೊಪಸ್ ಅನ್ನು ಬೇಯಿಸುವ ಮೊದಲು 40–50 ನಿಮಿಷ ಕೈಯಲ್ಲಿ ನಾದುತ್ತಾರೆ. ಅನ್ನ ಮೈಯ ಬಿಸಿಯಷ್ಟೇ ಬಿಸಿ ಇರಬೇಕು. ಒಬ್ಬ ಶಿಷ್ಯ ಮೊಟ್ಟೆಯ ಸಿಹಿ ಆಮ್ಲೆಟನ್ನು 200ಕ್ಕೂ ಹೆಚ್ಚು ಸಲ ಮಾಡಿ, ಅಷ್ಟು ಸಲವೂ ‘ಸರಿಯಾಗಿಲ್ಲ’ ಅನ್ನಿಸಿಕೊಂಡು, ಕೊನೆಗೊಂದು ದಿನ ಗುರು ಒಪ್ಪಿ ಅವನನ್ನು ‘ಶೊಕುನಿನ್’ ಎಂದಾಗ ಅತ್ತುಬಿಟ್ಟನಂತೆ. ಶೊಕುನಿನ್ ಎಂದರೆ ಕಸುಬುದಾರ, ಅಷ್ಟೇ. ಆ ಸಾದಾ ಮಾತು ಅಲ್ಲಿ ಬಿರುದು. ನಮ್ಮ ಅಜ್ಜಿಯರು ಬೆಲ್ಲದ ಪಾಕವನ್ನು ನೀರಿಗೆ ಒಂದು ಹನಿ ಬಿಟ್ಟು ನೋಡಿ ‘ಹದ ಬಂತು’ ಎನ್ನುತ್ತಿದ್ದರಲ್ಲ, ಆ ಹದವನ್ನು ಕಾಯುವುದಕ್ಕೆ ಇಡೀ ಬದುಕು ಕೊಟ್ಟವರು ಶೊಕುನಿನ್‌ಗಳು.

ಅಂಥ ಅಂಗಡಿಗಳಲ್ಲಿ ಗಿರಾಕಿ ಹೇಳುವ ಮಾತು ಒಂದಿದೆ, ‘ಒಮಕಾಸೆ’. ‘ನಿಮಗೇ ಬಿಟ್ಟಿದ್ದೇನೆ’ ಎಂದರ್ಥ. ನಾನು ಹೋದದ್ದು ಹೆಸರಾಂತ ಜಾಗಕ್ಕಲ್ಲ, ಗೆಳೆಯನ ಮನೆ ಹತ್ತಿರದ ಎಂಟು ಕುರ್ಚಿಯ ಒಂದು ಕಡೆಗೆ. ಒಮಕಾಸೆ ಎಂದು ಹೇಳಿ ಕೂತೆ. ಮಣೆಯ ಆಚೆಗಿದ್ದವರು ಮೊದಲ ತುತ್ತು ತಿನ್ನುವಾಗ ನನ್ನ ಎಡಗೈ ಬಳಕೆಯನ್ನು ಗಮನಿಸಿದರು. ಎರಡನೆಯದನ್ನು ಎಡಗೈಗೆ ಅನುಕೂಲವಾಗುವ ಹಾಗೆ ಓರೆಯಾಗಿ ತಿರುಗಿಸಿ ಇಟ್ಟರು. ಮಾತಿಲ್ಲ, ನಗೆಯಿಲ್ಲ. ನನಗೆ ಗಂಟಲು ತುಂಬಿ ಬಂತು. ಅವರು ಹಿಡಿದದ್ದು ತಮ್ಮ ಪಟ್ಟನ್ನು, ಆದರೆ ಅದರ ಗುರಿ ನನ್ನ ಕೈಯಾಗಿತ್ತು. ಆಚೆ ಬದಿಯಲ್ಲಿ ಒಬ್ಬರು ಬಿಡದೆ ಹಿಡಿದಿದ್ದರಿಂದಲೇ ಈಚೆ ಬದಿಯಲ್ಲಿ ನಾನು ನಿಶ್ಚಿಂತೆಯಿಂದ ಬಿಟ್ಟುಕೊಡಬಹುದಾಗಿತ್ತು. ಕೊದವಾರಿಯೂ ಒಮಕಾಸೆಯೂ ಒಂದೇ ಮಣೆಯ ಎರಡು ಬದಿ.

ಹಿಡಿಯುವುದು ಮತ್ತು ಬಿಡುವುದು ಒಂದೇ ಅಂಗಳದಲ್ಲಿ ನಿಂತಿರುವುದನ್ನು ಕಾಣಬೇಕಾದರೆ ನಾರಾದ ಯಕುಶಿಜಿ ದೇಗುಲಕ್ಕೆ ಹೋಗಬೇಕು. ಅಲ್ಲಿನ ಪೂರ್ವದ ಗೋಪುರ 730ರದು. ಪಶ್ಚಿಮದ ಗೋಪುರ 1528ರ ಯುದ್ಧದ ಬೆಂಕಿಗೆ ಆಹುತಿಯಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಆ ದೇಗುಲವನ್ನು ಮತ್ತೆ ಎಬ್ಬಿಸಲು ಹೊರಟವರು ಅಲ್ಲಿನ ಗುರು ತಕದ ಕೊಯಿನ್. ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಜನರ ಕೈಯಿಂದ ಪ್ರತಿ ಮಾಡಿಸಿ, ಪ್ರತಿಯ ಜೊತೆಗೆ ಬಂದ ಕಾಣಿಕೆಯಿಂದಲೇ ಹಣ ಕೂಡಿಸಿದರು. ಆ ಸೂತ್ರದ ಸಾರವನ್ನು ಅವರು ವಿವರಿಸುತ್ತಿದ್ದದ್ದು ಕೊದವಾರದ ಮನಸ್ಸು ಎಂದು, ಯಾವುದಕ್ಕೂ ಅಂಟದೆ ಹಗುರಾಗಿರುವ ಮನಸ್ಸು ಎಂದು.

ಅವರ ಕೆಲಸವನ್ನು ಕೈಗೆತ್ತಿಕೊಂಡ ಬಡಗಿ ನಿಶಿಓಕ ತ್ಸುನೆಕಜು ಜಪಾನಿನ ಅತಿ ದೊಡ್ಡ ಹಟವಾದಿಗಳಲ್ಲಿ ಒಬ್ಬರು. ದೇಗುಲ ಕಟ್ಟುವ ಬಡಗಿಗಳ ಮನೆತನ. ಮರವನ್ನು ತಿಳಿಯಬೇಕಾದರೆ ಮೊದಲು ಮಣ್ಣನ್ನು ತಿಳಿ ಎಂದು ಅಜ್ಜ ಅವರನ್ನು ಕೃಷಿ ಶಾಲೆಗೆ ಕಳಿಸಿದ್ದರು. ತಕ್ಕ ಮರಕ್ಕಾಗಿ ಅವರು ತೈವಾನಿನವರೆಗೆ ಹೋದರು. ಬಳಕೆ ತಪ್ಪಿದ್ದ ಈಟಿಯಾಕಾರದ ಹತ್ತರಿಯನ್ನು ಮತ್ತೆ ಜೀವಂತ ಮಾಡಿದರು. ಕಾಂಕ್ರೀಟು ಬೇಕು ಎಂದ ವಿದ್ವಾಂಸರೊಡನೆ ಮರದ ಪರವಾಗಿ ಕಾದಾಡಿದರು. 1981ರಲ್ಲಿ ಪಶ್ಚಿಮದ ಗೋಪುರ ಎದ್ದು ನಿಂತಾಗ ಅದು ಪೂರ್ವದ ಜೋಡಿಗಿಂತ ಸುಮಾರು ಒಂದು ಅಡಿ ಎತ್ತರವಾಗಿತ್ತು. ತಪ್ಪಿ ಆದದ್ದಲ್ಲ. ಭಾರಕ್ಕೆ ಮರ ನಿಧಾನವಾಗಿ ಕುಗ್ಗುತ್ತದೆ. ನೂರಾರು ವರ್ಷ ಕಳೆದ ಮೇಲೆ ಎರಡೂ ಗೋಪುರ ಒಂದೇ ಎತ್ತರಕ್ಕೆ ಬರಲಿ ಎಂಬ ಲೆಕ್ಕ ಅದು.

ಆ ಒಂದು ಅಡಿಯನ್ನು ನಾನು ಬಹಳ ಹೊತ್ತು ನೋಡುತ್ತಾ ನಿಂತೆ. ತಾನು ಕಾಣದ, ತನ್ನ ಮೊಮ್ಮಕ್ಕಳೂ ಕಾಣದ ಒಂದು ಬೆಳಗಿಗಾಗಿ ಇಟ್ಟ ಅಳತೆ. ಗುರು ಬಿಡು ಎಂದದ್ದು ‘ನಾನು’ ಎಂಬುದನ್ನು. ಬಡಗಿ ಬಿಡದೆ ಹಿಡಿದದ್ದು ಮರವನ್ನು, ಮುಂದೆ ಬರುವವರ ಕಣ್ಣನ್ನು. ತನಗಾಗಿ ಹಿಡಿದಾಗ ಕೊದವಾರಿ ಸೆರೆ. ಇನ್ನೊಬ್ಬರಿಗಾಗಿ ಹಿಡಿದಾಗ ಅದೇ ಕಸುಬಿನ ಪುಣ್ಯ. ಈಗ ಜಾಹೀರಾತಿನವರು ಯಂತ್ರ ಸುರಿದ ಬ್ರೆಡ್ಡಿಗೂ ಕೊದವಾರಿ ಎಂದು ಬರೆಯುತ್ತಾರೆ, ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪದ ಸವೆದರೆ ಅದರ ಹಿಂದಿನ ಕೈಗಳೂ ಕಾಣದಾಗುತ್ತವೆ.

ಊರಿಗೆ ಬಂದು ಅಪ್ಪನ ಎಚ್‌ಎಂಟಿ ಜನತಾ ವಾಚನ್ನು ಪೆಟ್ಟಿಗೆಯಿಂದ ತೆಗೆದೆ. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. 1924ರ ಒಂದು ಜೇಬುಗಡಿಯಾರಕ್ಕೆ ‘ಸಿಟಿಜನ್’ ಎಂಬ ಹೆಸರಿಟ್ಟವರು ಟೋಕಿಯೊದ ಮೇಯರ್ ಆಗಿದ್ದ ಗೊತೊ ಶಿಂಪೆಯಿ. ಸಾಮಾನ್ಯ ನಾಗರಿಕರ ಕೈಗೂ ಅದು ಎಟುಕಲಿ ಎಂಬ ಆಸೆಯಿಂದ. ಅಲ್ಲಿ ಸಿಟಿಜನ್, ಇಲ್ಲಿ ಜನತಾ. ನಮ್ಮ ಮನೆಗೆ ಜಪಾನಿನ ಕಸುಬು ಬಂದದ್ದು ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಯಲ್ಲಿ ಅಲ್ಲ, ಒಬ್ಬ ಮೇಷ್ಟರ ಮಣಿಕಟ್ಟಿನ ಮೇಲೆ.

ಸ್ನಾನ ಮುಗಿಸಿ ಬಂದ ಅಪ್ಪ ದಿನಾ ಅದಕ್ಕೆ ಕೀ ಕೊಡುತ್ತಿದ್ದರು. ಒಮ್ಮೆ ನನ್ನ ಕೈಗೂ ಕೊಟ್ಟಿದ್ದರು. ನನಗಾಗ ಎಂಟೋ ಒಂಬತ್ತೋ ವಯಸ್ಸು. ಹೆಬ್ಬೆರಳು ತೋರುಬೆರಳಿನ ನಡುವೆ ಆ ಸಣ್ಣ ಗುಬುಟು, ಒಳಗೆ ಕಿರಿಕಿರಿ ಎನ್ನುವ ಹಲ್ಲು. ‘ಅರ್ಧಕ್ಕೆ ಬಿಡಬೇಡ ಮಗಾ, ಸಂಜೆಗೇ ನಿಂತುಹೋಗುತ್ತೆ’ ಅಂದರು. ತಿರುಗಿಸುತ್ತಾ ಹೋದೆ. ‘ಬಿಗಿ ಆಯ್ತು ಅಂತ ಬೆರಳಿಗೆ ಗೊತ್ತಾಗುತ್ತೆ. ಗೊತ್ತಾದ ತಕ್ಷಣ ಬಿಟ್ಟುಬಿಡು.’

ಮೊನ್ನೆ ಮತ್ತೆ ಹಾಗೇ ತಿರುಗಿಸಿದೆ. ಬಿಗಿಯಾಗುವವರೆಗೂ ಹಿಡಿದೆ, ಬಿಗಿಯಾದಾಗ ಬಿಟ್ಟೆ. ವಾಚು ಕಿವಿಯ ಹತ್ತಿರ ಮಿಡಿಯತೊಡಗಿತು.